ಸರ್ ದೋರಾಬಜಿ ತಾತಾ

ಪರತಂತ್ರ ರಾಷ್ಟ್ರಕ್ಕೆ ಸ್ವಂತ ರಾಯಭಾರಿಗಳಿರುವದಿಲ್ಲ. ಅಂಥ ಕಾಲದಲ್ಲಿ ಕ್ರೀಡಾಂಗಣದ ಮೂಲಕ ಭಾರತದ ಹೆಸರನ್ನು ಜಗತ್ತಿಗೆ ಕೇಳಿಸಿದ ಪುಣ್ಯವು ಸರ್ ದೋರಾಬಜಿ ತಾತಾ ಅವರದು.

1859ರಲ್ಲಿ ಮುಂಬಯಿಯಲ್ಲಿ ಜಮಶೇಟಜಿ ತಾತಾ ಅವರ ಹಿರಿಯ ಮಗನಾಗಿ ಜನಿಸಿದ ಇವರು ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿದರು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತಾಧಿಕಾರಿಗಳಾಗಿದ್ದ ಭಾಭಾ ಅವರ ಮಗಳು ಮೆಹರಬಾಯಿಯವರನ್ನು ವರಿಸಿ ಕನ್ನಡ ನಾಡಿನ ಅಳಿಯಂದಿರೂ ಆದರು. ತಂದೆಯವರು ಸಂಕಲ್ಪಿಸಿದ್ದ ಉಕ್ಕಿನ ಕಾರ್ಖಾನೆಯನ್ನು ಅವರ ತರುವಾಯ ನೆರವೇರಿಸಿದರು.

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡಿದ ವೇಗವನ್ನು ಕಂಡು, ಇವರು ಯುರೋಪಿನವರಿಗೆ ಕಡಿಮೆಯವರಲ್ಲವೆಂದು ತಿಳಿದರು. ಒಲಿಂಪಿಕ್ ಪಂದ್ಯಗಳಿಗೆ ಭಾರತಕ್ಕೆ ಪ್ರವೇಶ ದೊರಕಿಸಲು ಮುಂಬಯಿ ಗವರ್ನರರ ನೆರವನ್ನು ಬೇಡಬೇಕಾಯಿತು. ವೆಚ್ಚಕ್ಕೆ ತಮ್ಮ ಕೈಯಿಂದಲೂ ಹಣವಿತ್ತರು. 1920ರಲ್ಲಿ ಆಂಟವರ್ಪಿನ ಮ್ಯಾರಥಾನ್ ಓಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರು 19ನೆಯವರಾಗಿ ಗುರಿ ಮುಟ್ಟಿದರು.

ಆಟಕ್ಕೂ ರಾಜಕಾರಣಕ್ಕೂ ಸಂಬಂಧವಿಲ್ಲವೆಂಬುವರು ಆ ವರ್ಷವನ್ನು ನೆನೆಯಲಿ. ಯುದ್ಧದಲ್ಲಿ ಸೋತ ಜರ್ಮನಿಗೆ ಆಮಂತ್ರಣವೇ ಇರಲಿಲ್ಲ. ಚೌಗುಲೆಯವರು ಓಡಿದ ಓಟವನ್ನು ಗೆದ್ದ ಕೋಲೆಹ್ಮೈನೆನ್‌ರಿಗಾಗಿ 1912ರಲ್ಲಿ ಏರಿದ್ದು ರಶಿಯದ ಧ್ವಜ. ಈ ಸಲ ಏರಿದ್ದು ಸ್ವತಂತ್ರ ಫಿನ್ಲಂಡಿನದು. ನಮ್ಮವರು ಮಾತ್ರ ಭಾರತದ ಹೆಸರಿದ್ದರೂ ಭಾರತದ ಧ್ವಜವಿಲ್ಲದೆ ಓಡಿದರು.

ದೋರಾಬಜಿಯವರು 1927ರಲ್ಲಿ ಭಾರತೀಯ ಒಲಿಂಪಿಕ್ ಸಂಘದ ಪ್ರಥಮಾಧ್ಯಕ್ಷರಾದರು. ಮರುವರ್ಷವೇ ಆಮ್ಸ್ಟರ್‌ಡ್ಯಾಮಿನಲ್ಲಿ ಹಾಕಿಯ ಸುವರ್ಣಪದಕ ನಮ್ಮದಾಯಿತು. 1932ರಲ್ಲಿ ಅವರು ಜರ್ಮನಿಯಲ್ಲಿ ನಿಧನ ಹೊಂದಿದರು, 1947ನ್ನು ಕಾಣಲಿಲ್ಲ.

ಇಂದು ನಮಗೆ ಧ್ವಜವಿದೆ, ರಾಯಭಾರಿಗಳಿದ್ದಾರೆ. ಮಲಪ್ರಭೆಯ ದಂಡೆಯ ಮನೋಳಿಯಂಥ ಊರುಗಳಲ್ಲಿ ಓಡುವ ಹುಡುಗರೂ ಇದ್ದಾರೆ. ಅವರನ್ನು ಕಂಡು ಗುರುತಿಸುವ, ಗುರುತಿಸಿ ಗಂಟು ಬಿಚ್ಚುವ ಶ್ರೀಮಂತರು ಎಲ್ಲಿದ್ದಾರೆ?