ಕಿತ್ತೂರಿನಲ್ಲಿ ಸೆರೆಯಾಗಿದ್ದ ವಾಲ್ಟರ್ ಎಲಿಯಟ್: ಹಳೆ ಚಿನ್ನದ ನಾಣ್ಯಗಳ ಲೆಕ್ಕ ಬರೆದ ಸಾಹೇಬ

ಮೆಟಲ್ ಡಿಟೆಕ್ಟರ್ ಹಿಡಿದು ಹಾಳು ಗುಡಿ, ಹಳೆ ಕೋಟೆ ಸುತ್ತ ರಾತ್ರಿ ಹೊತ್ತು ನೆಲ ಅಗೆಯೋರ ಸುದ್ದಿ ಆಗಾಗ ಬರುತ್ತಲೇ ಇರುತ್ತೆ. ಅವರಿಗೆ ಬೇಕಾಗಿರೋದು ಚಿನ್ನದ ತೂಕ ಅಷ್ಟೇ. ಆದರೆ ಸುಮಾರು 200 ವರ್ಷಗಳ ಹಿಂದೆ ಇದೇ ಧಾರವಾಡ ಸೀಮೆಯಲ್ಲಿ ಓಡಾಡಿದ ಒಬ್ಬ ಬ್ರಿಟಿಷ್ ಅಧಿಕಾರಿ, ಅಂಥ ನಾಣ್ಯಗಳಲ್ಲಿ ತೂಕಕ್ಕಿಂತ ದೊಡ್ಡದೊಂದು ಇದೆ ಅಂತ ಕಂಡುಕೊಂಡರು. ಅವರೇ ಸರ್ ವಾಲ್ಟರ್ ಎಲಿಯಟ್.

ಎಲಿಯಟ್ ಹುಟ್ಟಿದ್ದು 1803ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಆಯ್ಕೆಯಾಗಿ, ಹೇಲಿಬರಿ ಕಾಲೇಜಿನಲ್ಲಿ ಓದಿ 1821ರಲ್ಲಿ ಮದ್ರಾಸಿಗೆ ಬಂದರು. ಮೊದಲು ಸೇಲಂ. ಸ್ವಲ್ಪ ದಿನಕ್ಕೇ ಆಗ ದಕ್ಷಿಣ ಮರಾಠಾ ಪ್ರಾಂತ ಅಂತ ಕರೆಯುತ್ತಿದ್ದ ಧಾರವಾಡದ ಕಡೆಗೆ ವರ್ಗ ಆಯಿತು.

ಬಂದ ಹೊಸದರಲ್ಲೇ ಕಿತ್ತೂರಿನ ಯುದ್ಧ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದ ಎದುರು ಥ್ಯಾಕರೆ ಸತ್ತುಬಿದ್ದ. ಎಲಿಯಟ್ ಮತ್ತು ಸ್ಟೀವನ್ಸನ್ ಇಬ್ಬರೂ ಸೆರೆ ಸಿಕ್ಕರು. ಎಲಿಯಟ್‌ಗೆ ಆಗ ಬರೀ 21 ವರ್ಷ. ಕೆಲವು ವಾರ ಕಿತ್ತೂರಿನ ವಶದಲ್ಲಿದ್ದ ಈ ಇಬ್ಬರನ್ನು ಕೊಲ್ಲದೆ ಜೀವಂತ ಬಿಟ್ಟು ಕಳಿಸಲಾಯಿತು. ಡಿಸೆಂಬರಿನಲ್ಲಿ ಕಂಪನಿ ಮತ್ತೆ ದಂಡೆತ್ತಿ ಬಂದು ಕೋಟೆ ಹಿಡಿಯಿತು. ಈ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ಆದ್ರೆ ಅಂದು ಬದುಕಿ ಹೋದ ಆ ಹುಡುಗ ಮುಂದೆ ಏನು ಮಾಡಿದ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಎಲಿಯಟ್ 1833ರವರೆಗೂ ಈ ಭಾಗದಲ್ಲೇ ಉಳಿದರು. ಈ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿದಾಗ ಅವರು ಮದ್ರಾಸಿಗೆ ವಾಪಸ್ ಹೋಗಬೇಕಿತ್ತು. ಮುಂಬೈ ಗವರ್ನರ್ ಜಾನ್ ಮಾಲ್ಕಮ್ ಅವರೇ ಕೇಳಿಕೊಂಡು ಇಲ್ಲೇ ಉಳಿಸಿಕೊಂಡರು. ಕಚೇರಿ ಕೆಲಸದ ಜೊತೆಗೆ ಎಲಿಯಟ್ ಗುಡಿ, ಕೆರೆ ದಂಡೆ, ಊರ ಬಾಗಿಲಲ್ಲಿ ನಿಂತ ಕಲ್ಲುಗಳ ಶಾಸನಗಳನ್ನು ಪ್ರತಿ ಮಾಡಿಸಿದರು. ಆ ಸಂಗ್ರಹದಲ್ಲಿ ಒಟ್ಟು 595 ಶಾಸನಗಳಿವೆ. ಅವುಗಳ ಆಧಾರದ ಮೇಲೆ 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಚಾಲುಕ್ಯರು, ಕಳಚುರಿಗಳು, ಯಾದವರ ವಂಶಾವಳಿ ಬಿಡಿಸಿಟ್ಟರು. ಮುಂದೆ ಫ್ಲೀಟ್ ಮುಂತಾದವರು ಮಾಡಿದ ಕೆಲಸಕ್ಕೆ ಇದೇ ಬುನಾದಿ.

ಕಲ್ಲಿನ ಬೆನ್ನಿಗೇ ನಾಣ್ಯ. ಆ ಕಾಲಕ್ಕೆ ನೆಲದೊಳಗಿನ ಲೋಹ ತೋರಿಸೋ ಯಂತ್ರ ಎಲ್ಲಿಂದ ಬರಬೇಕು? ರಂಟೆ ಹೊಡೆಯುವಾಗ, ಬಾವಿ ತೋಡುವಾಗ, ಜೋರು ಮಳೆಗೆ ಮಣ್ಣು ಕೊಚ್ಚಿಹೋದಾಗ ಹಳೆ ನಾಣ್ಯ ಮೇಲೆ ಬರುತ್ತಿದ್ದವು. ಸಿಕ್ಕ ಬಹಳಷ್ಟು ಚಿನ್ನ ಪತ್ತಾರರ ಮೂಸೆ ಸೇರಿ ಕರಗುತ್ತಿತ್ತು. ಕರಗಿದ ಮೇಲೆ ಅದು ಯಾವ ರಾಜನದ್ದು, ಯಾವ ಊರಿನದ್ದು ಅಂತ ಹೇಳೋಕೆ ಯಾರಿಂದಲೂ ಆಗಲ್ಲ.

ಕರಗದೆ ಉಳಿದವು ಏನು ಹೇಳುತ್ತವೆ ಅನ್ನೋದಕ್ಕೆ ಎಲಿಯಟ್ ಪುಸ್ತಕದಲ್ಲಿ ಬೇಕಾದಷ್ಟು ಉದಾಹರಣೆ ಇವೆ. ಕಮಲದ ಗುರುತಿನ ಪದ್ಮಟಂಕ, ಹಂದಿ ಗುರುತಿನ ವರಹ ಇವೆಲ್ಲ ಅಲ್ಲಿ ಬರುತ್ತವೆ. ತೆಳು ಚಿನ್ನದ ಬಿಲ್ಲೆ ಮೇಲೆ ಒಂದೊಂದೇ ಅಚ್ಚು ಒತ್ತಿದ್ದರಿಂದ ಕೆಲವು ನಾಣ್ಯ ಬಟ್ಟಲಿನ ಹಾಗೆ ಬಾಗಿರುತ್ತವೆ. ಹೊಯ್ಸಳರ ನಾಣ್ಯದ ಮೇಲೆ ಕನ್ನಡ ಅಕ್ಷರದಲ್ಲೇ ತಲಕಾಡುಗೊಂಡ, ನೊಳಂಬವಾಡಿಗೊಂಡ ಅನ್ನೋ ಬಿರುದು ಇದೆ. ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದ ಸುದ್ದಿ, ಸುಮಾರು ನಾಲ್ಕು ಗ್ರಾಂ ಚಿನ್ನದ ಮೇಲೆ ಕೂತು ಪೇಟೆ ಪೇಟೆ ತಿರುಗಿದೆ ಅಂತ ಅರ್ಥ.

ಅಂಗಡಿಕಾರರಿಗೆ ಇಷ್ಟವಾಗೋ ಭಾಗ ಇನ್ನೊಂದಿದೆ. ತೂಕದ ಲೆಕ್ಕ ಎಲ್ಲಿಂದ ಬಂತು ಅಂತಲೂ ಎಲಿಯಟ್ ಹುಡುಕಿದರು. ಗುಲಗಂಜಿ, ಮಂಜಾಡಿ, ಗಜ್ಜುಗ, ಹೀಗೆ ಬೀಜಗಳೇ ಮೊದಲ ತೂಕದ ಬಟ್ಟು. ಗದ್ಯಾಣ, ವರಹ ದೊಡ್ಡ ನಾಣ್ಯ. ಅದರ ಸಣ್ಣ ಪಾಲು ಹಣ, ತೂಕ ಅರ್ಧ ಗ್ರಾಂಗೂ ಕಡಿಮೆ. ಹಣದ ಕಾಲು ಭಾಗ ಹಾಗ. ಇವತ್ತು ಗಲ್ಲಾಪೆಟ್ಟಿಗೆಯಲ್ಲಿ ಎಣಿಸೋ ದುಡ್ಡಿಗೆಲ್ಲ ಹಣ ಅಂತೀವಲ್ಲ, ಅದು ಆ ಪುಟ್ಟ ಚಿನ್ನದ ನಾಣ್ಯದ ಹೆಸರು.

ಎಲಿಯಟ್ ಮುಂದೆ ಮದ್ರಾಸಿನಲ್ಲಿ ದೊಡ್ಡ ದೊಡ್ಡ ಹುದ್ದೆಗೆ ಏರಿದರು. ಗುಂಟೂರು ಸೀಮೆಯಲ್ಲಿದ್ದಾಗ 1845ರಲ್ಲಿ ಅಮರಾವತಿ ಸ್ತೂಪದ ಜಾಗ ಅಗೆಸಿದರು. ಅಲ್ಲಿನ ಶಿಲ್ಪಗಳು ಮದ್ರಾಸಿಗೆ, ಆಮೇಲೆ ಹಡಗು ಹತ್ತಿ ಲಂಡನ್ನಿಗೆ ಹೋದವು, ಇವತ್ತಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವರು ಕೂಡಿಸಿದ ನಾಣ್ಯಗಳಲ್ಲೂ ಹಲವು ಅಲ್ಲಿಗೇ ಸೇರಿವೆ. ಈ ನೆಲದ ವಸ್ತು ಈ ನೆಲದ ಜನಕ್ಕೆ ನೋಡೋಕೆ ಸಿಗದ ಹಾಗಾಯಿತು ಅನ್ನೋ ನೋವು ನ್ಯಾಯವಾದದ್ದೇ. ಕಂಪನಿಯ ಅಧಿಕಾರಿ ಆಗಿದ್ದವರ ಲೆಕ್ಕದಲ್ಲಿ ಈ ಸಾಲನ್ನೂ ಬರೆಯಲೇಬೇಕು.

1860ರಲ್ಲಿ ನಿವೃತ್ತಿ. ಊರಿಗೆ ಹೋದ ಮೇಲೂ ದಕ್ಷಿಣ ಭಾರತದ ಹುಚ್ಚು ಬಿಡಲಿಲ್ಲ. ವಯಸ್ಸಾದಂತೆ ಕಣ್ಣು ಹೋಯಿತು. ಆದರೂ ಬೇರೆಯವರ ನೆರವು ಪಡೆದು, ದಕ್ಷಿಣ ಭಾರತದ ನಾಣ್ಯಗಳ ಕುರಿತ ಪುಸ್ತಕ ಮುಗಿಸಿಯೇ ಬಿಟ್ಟರು. ಅದು ಬಂದಿದ್ದು 1880ರ ದಶಕದ ನಡುವೆ. 1887ರ ಮಾರ್ಚ್ 1ರಂದು ಎಲಿಯಟ್ ತೀರಿಕೊಂಡರು. ಆಗ ಅವರಿಗೆ 84 ವರ್ಷ.

ಅವರ ಬದುಕಿನಿಂದ ಈ ಭಾಗದವರು ತಿಳಿಯಬೇಕಾದ್ದು ಇಷ್ಟೇ. ಯಂತ್ರ ಕೀಂ ಅಂದರೆ ಅಲ್ಲಿ ಲೋಹ ಇದೆ ಅಂತ ಗೊತ್ತಾಗುತ್ತೆ, ಅದರ ಕತೆ ಗೊತ್ತಾಗಲ್ಲ. ನಾಣ್ಯ ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ, ಯಾವ ಮಡಕೆಯಲ್ಲಿ, ಯಾವುದರ ಜೊತೆ ಇತ್ತು ಅನ್ನೋದು ಗೊತ್ತಿದ್ದರೆ ಮಾತ್ರ ಊರಿನ ಇತಿಹಾಸ ಬಿಚ್ಚಿಕೊಳ್ಳುತ್ತೆ. ಹಾರೆ ಹಾಕಿ ಕಿತ್ತ ಮೇಲೆ ಅದು ಮತ್ತೆ ಸಿಗಲ್ಲ.

ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯೋದು ಅಪರಾಧ. ಮನೆಯ ಪಾಯ ತೋಡುವಾಗಲೋ, ಹೊಲ ಊಳುವಾಗಲೋ ನಿಧಿ ಸಿಕ್ಕರೆ ಮುಚ್ಚಿಡುವ ಹಾಗಿಲ್ಲ, ಜಿಲ್ಲಾಡಳಿತಕ್ಕೆ ತಿಳಿಸಬೇಕು ಅಂತ ಕಾನೂನು ಹೇಳುತ್ತೆ. ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಹಂಚಿಕೊಳ್ಳಬೇಡಿ, ಸರಾಫ ಕಟ್ಟೆಗೆ ಒಯ್ಯಬೇಡಿ. ಇದ್ದ ಜಾಗದಲ್ಲೇ ಬಿಟ್ಟು ತಹಶೀಲ್ದಾರ್ ಕಚೇರಿಗೆ ಸುದ್ದಿ ಮುಟ್ಟಿಸಿ. ಪೇಟೆಯ ಚಿನ್ನದಂಗಡಿಯವರೂ ಅಷ್ಟೇ, ಬಟ್ಟಲಿನಂತೆ ಬಾಗಿದ, ಹಳೆ ಅಕ್ಷರ ಇರೋ ಬಿಲ್ಲೆ ಯಾರಾದರೂ ಮಾರೋಕೆ ತಂದರೆ ಮೂಸೆಗೆ ಹಾಕೋ ಮುಂಚೆ ಒಂದು ಗಳಿಗೆ ಯೋಚನೆ ಮಾಡಿ. ಆ ಬಿಲ್ಲೆಯಲ್ಲಿ ನಿಮ್ಮೂರಿನ ಹೆಸರೇ ಇದ್ದರೂ ಇರಬಹುದು.