ಚಂಚಲ ತಾರೆಗಳ ಲೆಕ್ಕವಿಟ್ಟ ಖಜಾನೆ ನೌಕರ

ಖಗೋಳ ವಿಜ್ಞಾನದಲ್ಲಿ ಸಾಧನೆಗೈಯಲು ಉನ್ನತ ಪದವಿ, ಬೃಹತ್ ವೀಕ್ಷಣಾಲಯ ಇರಲೇಬೇಕೆಂಬ ನಂಬಿಕೆಯನ್ನು ಹುಸಿಗೊಳಿಸಿದವರು ಬಂಗಾಳದ ರಾಧಾಗೋವಿಂದ ಚಂದ್ರ. ಎಂಟ್ರೆನ್ಸ್ ಪರೀಕ್ಷೆಯಲ್ಲಿ ಮೂರು ಬಾರಿ ಅನುತ್ತೀರ್ಣರಾಗಿದ್ದ ಅವರು ಚಂಚಲ ತಾರೆಗಳ ಪ್ರಕಾಶವನ್ನು 37 ಸಾವಿರಕ್ಕೂ ಹೆಚ್ಚು ಬಾರಿ ಅಳೆದು ದಾಖಲಿಸಿದರು.

ಇಂದು ಬಾಂಗ್ಲಾದೇಶದಲ್ಲಿರುವ ಜೆಸ್ಸೋರ್‌ ಬಳಿಯ ಬಾಗ್‌ಚರ್‌ನಲ್ಲಿ 1878ರ ಜುಲೈ 16ರಂದು ಜನಿಸಿದ ಚಂದ್ರ, ಅಲ್ಲಿನ ಸರ್ಕಾರಿ ಖಜಾನೆಯಲ್ಲಿ ಅಲ್ಪ ಸಂಬಳದ ನೌಕರಿ ಹಿಡಿದರು. 1910ರಲ್ಲಿ ಕಾಣಿಸಿಕೊಂಡ ಹ್ಯಾಲಿ ಧೂಮಕೇತು ಅವರ ಆಕಾಶ ವೀಕ್ಷಣೆಯ ಹವ್ಯಾಸವನ್ನು ತಪಸ್ಸಾಗಿಸಿತು. 1912ರಲ್ಲಿ ಇಂಗ್ಲೆಂಡಿನಿಂದ 3 ಅಂಗುಲದ ದೂರದರ್ಶಕವೊಂದನ್ನು ತರಿಸಿಕೊಂಡರು.

1918ರ ಜೂನ್ 7ರ ರಾತ್ರಿ ಗರುಡ ನಕ್ಷತ್ರಪುಂಜದಲ್ಲಿ ನಕ್ಷೆಗಳಲ್ಲಿಲ್ಲದ ಪ್ರಖರ ತಾರೆಯೊಂದು ಅವರ ಕಣ್ಣಿಗೆ ಬಿದ್ದಿತು. ಆ ನೋವಾವನ್ನು ಸ್ವತಂತ್ರವಾಗಿ ಗುರುತಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಇದರ ಬೆನ್ನಲ್ಲೇ ಹಾರ್ವರ್ಡ್ ವೀಕ್ಷಣಾಲಯದ ಸಂಪರ್ಕ ಬೆಳೆದು, ಅಮೆರಿಕದ ಚಂಚಲ ತಾರಾ ವೀಕ್ಷಕರ ಸಂಘಕ್ಕೆ ಸದಸ್ಯರಾದರು.

ದಿನಗಳು, ಇಲ್ಲವೇ ತಿಂಗಳುಗಳ ಅವಧಿಯಲ್ಲಿ ಪ್ರಕಾಶ ಏರಿಳಿಯುವ ನಕ್ಷತ್ರಗಳೇ ಚಂಚಲ ತಾರೆಗಳು. ಅಳತೆಯ ವಿಧಾನ ಸರಳ, ಆದರೆ ಶ್ರಮದಾಯಕ. ಪ್ರಕಾಶಾಂಕ ತಿಳಿದಿರುವ ನೆರೆಯ ಎರಡು ನಕ್ಷತ್ರಗಳೊಡನೆ ಚಂಚಲ ತಾರೆಯನ್ನು ಹೋಲಿಸಬೇಕು. 8.0ರ ನಕ್ಷತ್ರಕ್ಕಿಂತ ಮಸುಕಾಗಿ, 8.4ರದಕ್ಕಿಂತ ಅಷ್ಟೇ ಉಜ್ವಲವಾಗಿ ಕಂಡರೆ ಅದರ ಪ್ರಕಾಶಾಂಕ 8.2. ದಿನಾಂಕ, ಸಮಯದೊಡನೆ ಅದನ್ನು ಬರೆದಿಡಬೇಕು. ಅಮೆರಿಕದಲ್ಲಿ ಹಗಲಾಗಿರುವಾಗ ಬಂಗಾಳದಲ್ಲಿ ರಾತ್ರಿ. ಹೀಗಾಗಿ ಅಲ್ಲಿನವರಿಗೆ ತಪ್ಪಿಹೋಗುತ್ತಿದ್ದ ಗಳಿಗೆಗಳನ್ನು ಜೆಸ್ಸೋರಿನ ದಾಖಲೆಗಳು ತುಂಬಿಕೊಟ್ಟವು.

ಈ ನಿಷ್ಠೆಯನ್ನು ಮೆಚ್ಚಿದ ಸಂಘವು 1926ರಲ್ಲಿ 6 ಅಂಗುಲದ ದೂರದರ್ಶಕವನ್ನು ಅವರಿಗೆ ಕಳುಹಿಸಿಕೊಟ್ಟಿತು. 1928ರಲ್ಲಿ ಫ್ರಾನ್ಸ್ ಸರ್ಕಾರ ಗೌರವ ಪದವಿ ನೀಡಿತು. ದೇಶ ವಿಭಜನೆಯ ಬಳಿಕ ಹುಟ್ಟೂರು ತೊರೆದು ಕಲ್ಕತ್ತೆ ಸಮೀಪದ ಬಾರಾಸಾತ್‌ನಲ್ಲಿ ನೆಲೆಸಬೇಕಾಯಿತು. ನೆಲೆ ತಪ್ಪಿದರೂ ವೀಕ್ಷಣೆ ತಪ್ಪಲಿಲ್ಲ. 1954ರವರೆಗೂ ಅದು ಮುಂದುವರಿಯಿತು.

ಅನಂತರ ಆ ದೂರದರ್ಶಕ, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದ ವೇಣು ಬಾಪು ಅವರ ಕೈಸೇರಿ, ಕೊನೆಗೆ ಇದೇ ಸಂಸ್ಥೆಯ ತಮಿಳುನಾಡಿನ ಕಾವಲೂರು ವೀಕ್ಷಣಾಲಯಕ್ಕೆ ಬಂದಿತು. ಚಂದ್ರ 1975ರ ಏಪ್ರಿಲ್ 3ರಂದು ನಿಧನರಾದಾಗ ಅವರಿಗೆ 96 ವರ್ಷ.

ಇಂದು ಎಲೆಕ್ಟ್ರಾನಿಕ್ ಕ್ಯಾಮೆರಾಗಳು ಕಣ್ಣಿಗಿಂತ ಎಷ್ಟೋ ನಿಖರವಾಗಿ ನಕ್ಷತ್ರಗಳ ಬೆಳಕನ್ನು ಅಳೆಯುತ್ತವೆ. ಆದರೆ ಕಳೆದುಹೋದ ರಾತ್ರಿಯೊಂದನ್ನು ಮರಳಿ ಅಳೆಯಬಲ್ಲ ಯಂತ್ರವಿಲ್ಲ. ತಾರೆಯೊಂದು ದಶಕಗಳ ಹಿಂದೆ ಹೇಗೆ ಬೆಳಗುತ್ತಿತ್ತೆಂದು ತಿಳಿಯಲು ವಿಜ್ಞಾನಿಗಳು ಇಂಥ ವೀಕ್ಷಕರ ದಾಖಲೆಗಳನ್ನೇ ಆಶ್ರಯಿಸಬೇಕಾಗಿದೆ.