ತಾಯಿಯ ಸಾಂತ್ವನದ ಐದನೆಯ ಭಾಗ

ಯೊಹಾನೆಸ್ ಬ್ರಾಹ್ಮ್ಸ್ ಎಂದರೆ ಯಾರೆಂದು ಕೇಳಬಹುದು. ಆದರೆ ಮಕ್ಕಳ ಆಟಿಕೆಗಳಲ್ಲಿ ಬರುವ ಅವನ ಲಾಲಿಯ ರಾಗ ನಮಗೆಲ್ಲ ಗೊತ್ತು. ನಾನು ಹೇಳಹೊರಟಿರುವುದು ಅವನು ದುಃಖಕ್ಕೆ ಕಟ್ಟಿದ ಸಂಗೀತದ ಕಥೆ.

1833ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹುಟ್ಟಿದವನು. ಅಪ್ಪ ಡಬಲ್ ಬೇಸ್ ವಾದಕ. ಅಮ್ಮ ಹೊಲಿಗೆ ಬಲ್ಲವಳು, ಗಂಡನಿಗಿಂತ 17 ವರ್ಷ ದೊಡ್ಡವಳು. 1859ರಲ್ಲಿ ಬ್ರಾಹ್ಮ್ಸ್ ಊರಿನ ಹೆಣ್ಣುಮಕ್ಕಳನ್ನು ಸೇರಿಸಿ ಮಹಿಳಾ ಗಾಯನವೃಂದ ನಡೆಸಿದ. (ನಮ್ಮ ಭಜನಾ ತಂಡದವರು ಗಮನಿಸಿ!) ಆಮೇಲೆ ವಿಯೆನ್ನಾ ಸೇರಿದ.

ಗುರುಸಮಾನನಾದ ಶೂಮನ್ 1856ರಲ್ಲೇ ತೀರಿಹೋಗಿದ್ದ. 1865ರ ಫೆಬ್ರವರಿಯಲ್ಲಿ ಅಮ್ಮನ ಸುದ್ದಿ ಬಂತು. ವಿಯೆನ್ನಾದಿಂದ ಧಾವಿಸಿದ, ಅವನು ಮುಟ್ಟುವಷ್ಟರಲ್ಲಿ ಅವಳಿರಲಿಲ್ಲ. ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆ. ನನ್ನ ಅಮ್ಮ ಧಾರವಾಡದಲ್ಲಿ ಹೋದಾಗ ನಾನು ಮುಂಬೈನಿಂದ ಹೊರಟ ರೈಲಿನಲ್ಲಿದ್ದೆ. ಹೊರನಾಡಿನಲ್ಲಿರುವ ನಮ್ಮಲ್ಲಿ ಎಷ್ಟೋ ಮಂದಿಗೆ ಈ ಪ್ರಯಾಣ ಗೊತ್ತು.

ಅದರ ಮರುವರ್ಷ ಅವನ ‘ಜರ್ಮನ್ ರೆಕ್ವಿಯಮ್’ ಬಹುಪಾಲು ಮುಗಿಯಿತು. ರೆಕ್ವಿಯಮ್ ಎಂದರೆ ಸತ್ತವರ ಆತ್ಮಕ್ಕಾಗಿ ಲ್ಯಾಟಿನ್‌ನಲ್ಲಿ ಸಲ್ಲಿಸುವ ಪ್ರಾರ್ಥನೆ. ಇವನು ಆ ಪಾಠ ಬಿಟ್ಟು, ಜರ್ಮನ್ ಬೈಬಲ್ಲಿನಿಂದ ತಾನೇ ವಚನಗಳನ್ನು ಆರಿಸಿಕೊಂಡ. ಮೊದಲ ಸಾಂತ್ವನ ಸತ್ತವರಿಗಲ್ಲ, ಅಳುತ್ತ ಉಳಿದವರಿಗೆ. ನನಗೆ ಇದು ತುಂಬ ಧೈರ್ಯದ ಕೆಲಸವೆನಿಸುತ್ತದೆ.

1867ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ಮೂರು ಭಾಗಗಳನ್ನು ಹಾಡಿಸಿದಾಗ ನಗಾರಿಯವನ ಅಬ್ಬರದಲ್ಲಿ ಗಾಯನ ಮುಳುಗಿಹೋಯಿತು. 1868ರ ಏಪ್ರಿಲ್ 10, ಗುಡ್ ಫ್ರೈಡೆಯಂದು ಬ್ರೆಮೆನ್‌ನ ಕ್ಯಾಥೆಡ್ರಲ್‌ನಲ್ಲಿ ಅವನೇ ನಿರ್ದೇಶಿಸಿದ. ಅಪ್ಪ ಬಂದಿದ್ದ, ಶೂಮನ್‌ನ ಪತ್ನಿ ಕ್ಲಾರಾ ಬಂದಿದ್ದಳು. ಕೃತಿಯಲ್ಲಿ ಯೇಸುವಿನ ಬಲಿದಾನದ ಮಾತೇ ಇಲ್ಲವೆಂಬ ತಕರಾರಿಗೆ, ಅಂದು ಹ್ಯಾಂಡೆಲ್‌ನ ಹಾಡೊಂದನ್ನು ಸೇರಿಸಿದ್ದರು. ಆದರೂ ಕಛೇರಿ ಗೆದ್ದಿತು.

ಗೆದ್ದ ಮೇಲೂ ಅವನಿಗೆ ಏನೋ ಉಳಿದಿತ್ತು. ಮುಂದಿನ ತಿಂಗಳೇ ಇನ್ನೊಂದು ಭಾಗ ಬರೆದು ಐದನೆಯದಾಗಿ ಕೂಡಿಸಿದ. ಒಬ್ಬಳೇ ಗಾಯಕಿ ಎತ್ತರದ ದನಿಯಲ್ಲಿ ಹಾಡುತ್ತಾಳೆ. ವೃಂದ ಮೆಲ್ಲಗೆ, ತೊಟ್ಟಿಲು ತೂಗಿದಂತೆ, ಕೆಳಗೆ ನಿಲ್ಲುತ್ತದೆ. ವಸ್ತು ತಾಯಿಯ ಸಾಂತ್ವನ. ಇಡೀ ಕೃತಿ ಕೇಳಲು ಒಂದು ಗಂಟೆಗೂ ಹೆಚ್ಚು ಬೇಕು. ಬಿಡುವಿಲ್ಲದಿದ್ದರೆ ಇದೊಂದನ್ನಾದರೂ ಕೇಳಿ. ಏಳೂ ಭಾಗಗಳು ಒಟ್ಟಾಗಿ ಮೊದಲು ಕೇಳಿದ್ದು ಲೈಪ್‌ಜಿಗ್‌ನಲ್ಲಿ, 1869ರ ಫೆಬ್ರವರಿ 18ರಂದು.

ಅವನು ಮದುವೆಯಾಗಲಿಲ್ಲ. 1896ರಲ್ಲಿ ಕ್ಲಾರಾ ತೀರಿಕೊಂಡಾಗ ರೈಲಿನ ಗೊಂದಲದಲ್ಲಿ ಸುತ್ತಿ ಬಳಸಿ, ಬಾನ್ ಸೇರಿ ಮಣ್ಣಿಗೆ ನಿಂತ. ಮರುವರ್ಷ ಏಪ್ರಿಲ್ 3ರಂದು ವಿಯೆನ್ನಾದಲ್ಲಿ ಅವನೂ ಹೋದ.